ಪಂಜರದ ಎತ್ತರದ ಗಾಳಿ: ಸಾಕುಪ್ರಾಣಿ ಅಂಗಡಿಯಲ್ಲಿ ದುರ್ವಾಸನೆ ನಿವಾರಕಗಳನ್ನು ಒಂದು ವರ್ಷ ಬಳಸಿ ನೋಡಿದ ಮೇಲೆ

ಸಾಕುಪ್ರಾಣಿಗಳ ಅಂಗಡಿ ನಡೆಸುವವರಿಗೆ ತಮ್ಮ ಅಂಗಡಿಯ ನಾತ ತಿಳಿಯುವುದಿಲ್ಲ. ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಇದ್ದರೆ ಸಾಕು, ಮೂಗು ಅದಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ದಿನಕ್ಕೆ ಹತ್ತು ಗಂಟೆ ಅಲ್ಲಿಯೇ ಕಳೆಯುವವರ ಮೂಗಂತೂ ಸಾಕ್ಷಿ ಹೇಳುವ ಯೋಗ್ಯತೆಯನ್ನೇ ಕಳೆದುಕೊಂಡಿರುತ್ತದೆ. ಎರಡು ವಾರ ದೂರವಿದ್ದು ಮರಳಿದ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ನನಗೆ ಎದುರಾದದ್ದು ಕಣ್ಣು ಉರಿಸುವಷ್ಟು ಅಮೋನಿಯಾ ಮತ್ತು ಅದನ್ನು ಮುಚ್ಚಲೆಂದು ನಾವೇ ಸಿಂಪಡಿಸುತ್ತಿದ್ದ ಹೂವಿನ ಪರಿಮಳದ ಸ್ಪ್ರೇ, ಇವೆರಡೂ ಬೆರೆತು ಹುಟ್ಟಿದ ಮೂರನೆಯ ನಾತ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಇದೇ ಗಾಳಿಯನ್ನು ಹಗಲೂ ರಾತ್ರಿ ಉಸಿರಾಡಿಕೊಂಡಿದ್ದ ಗಿನಿಯಿಲಿಗಳ ಬಗ್ಗೆ ದುಃಖವಾಯಿತು. ಗ್ರಾಹಕರು ಐದು ನಿಮಿಷದಲ್ಲಿ ಹೊರಗೆ ಹೋಗಿಬಿಡಬಹುದು. ಪಂಜರದೊಳಗಿನ ಜೀವಕ್ಕೆ ಹೋಗಲು ಬೇರೆ ಜಾಗವಿಲ್ಲ.

ಅಂದಿನಿಂದ ಒಂದು ವರ್ಷ ಕಾಲ, ದುರ್ವಾಸನೆಯನ್ನು ನಿವಾರಿಸುವುದಾಗಿ ಹೇಳಿಕೊಂಡು ಮಾರಾಟವಾಗುವ ಹಲವು ಬಗೆಯ ವಸ್ತುಗಳನ್ನು ಒಂದೊಂದಾಗಿ ತಂದು ಬಳಸಿ ನೋಡಿದ್ದೇನೆ. ಕಂಪನಿಗಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದೇ ಬಗೆಯ ಪದಾರ್ಥ ಹಲವು ಚೀಟಿಗಳ ಅಡಿಯಲ್ಲಿ ಸಿಗುವುದರಿಂದ, ಸೀಸೆಯ ಮುಂಭಾಗದ ದೊಡ್ಡ ಹೆಸರಿಗಿಂತ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದುವುದೇ ಕೊಳ್ಳುವವರಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ. ಪರೀಕ್ಷೆಗೆ ನಾನು ಎರಡು ಮಾನದಂಡಗಳನ್ನು ಇಟ್ಟುಕೊಂಡಿದ್ದೆ. ಮೊದಲನೆಯದು, ಅಂಗಡಿಯಲ್ಲಿ ಕೆಲಸ ಮಾಡದ ಯಾರಾದರೊಬ್ಬರ ಮೂಗು. ಎರಡನೆಯದು, ಕೋಳಿ ಸಾಕಣೆಯವರು ಬಳಸುವ ಅಮೋನಿಯಾ ಪರೀಕ್ಷಾ ಪಟ್ಟಿ. ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಗಾಳಿಯಲ್ಲಿ ಹಿಡಿದರೆ ಅಮೋನಿಯಾದ ಪ್ರಮಾಣಕ್ಕೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ. ಈ ಪಟ್ಟಿಯನ್ನು ನಾನು ನಿಂತ ಎತ್ತರದಲ್ಲಿ ಹಿಡಿದಾಗ ಬಣ್ಣ ಹೆಚ್ಚೇನೂ ಬದಲಾಗದಿದ್ದ ದಿನವೇ, ಪಂಜರದೊಳಗೆ ಹಾಸಿನಿಂದ ಎರಡು ಬೆರಳು ಮೇಲೆ ಹಿಡಿದಾಗ ಗಾಢವಾಗಿ ತಿರುಗಿತು. ಈ ಬರಹದಲ್ಲಿ ಮುಂದೆ ಹೇಳುವ ಎಲ್ಲ ತೀರ್ಮಾನಗಳ ಹಿಂದೆಯೂ ಆ ಎರಡನೆಯ ಬಣ್ಣವಿದೆ.

ಅಮೋನಿಯಾ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಈಗ ತಾನೆ ಹೊಯ್ದ ಮೂತ್ರಕ್ಕೆ ಅಷ್ಟೊಂದು ಘಾಟು ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಹಾಸಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದಾಗ ಅಮೋನಿಯಾ ಹೊರಬರುತ್ತದೆ. ಹಾಸು ಬೆಚ್ಚಗೆ, ತೇವವಾಗಿ ಇದ್ದಷ್ಟೂ ಈ ಕೆಲಸ ಚುರುಕಾಗಿ ನಡೆಯುತ್ತದೆ. ಮನುಷ್ಯರ ಕೆಲಸದ ಜಾಗದಲ್ಲಿ ಅಮೋನಿಯಾದ ಸರಾಸರಿ ಪ್ರಮಾಣ ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗವನ್ನು ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಶಿಫಾರಸು ಮಾಡುತ್ತದೆ. ಸಾಕುವ ಇಲಿಗಳ ಶ್ವಾಸಕೋಶದಲ್ಲಿ ಸಾಮಾನ್ಯವಾಗಿ ನೆಲೆಸಿರುವ ಮೈಕೊಪ್ಲಾಸ್ಮಾ ಸೋಂಕನ್ನು ಅಮೋನಿಯಾ ಉಲ್ಬಣಗೊಳಿಸುತ್ತದೆ. ಮೊಲಗಳ ಮೂಗು, ಕಣ್ಣುಗಳೂ ಇದರಿಂದ ಕೆರಳುತ್ತವೆ. ಆದ್ದರಿಂದ ಅಂಗಡಿಯ ದುರ್ವಾಸನೆಯನ್ನು ಗ್ರಾಹಕರ ಸೌಕರ್ಯದ ಪ್ರಶ್ನೆಯಾಗಿ ಮಾತ್ರ ನೋಡುವವರು ತಪ್ಪು ವಸ್ತುವನ್ನೇ ಕೊಳ್ಳುತ್ತಾರೆ. ನಾನೂ ಹಾಗೆಯೇ ಕೊಂಡಿದ್ದೆ.

ನಾನು ಮೊದಲು ಕೈಬಿಟ್ಟದ್ದು ಪರಿಮಳದ ಸ್ಪ್ರೇಗಳನ್ನು. ಸಿಂಪಡಿಸಿದ ಮೇಲೂ ಪರೀಕ್ಷಾ ಪಟ್ಟಿಯ ಬಣ್ಣದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಹಕ್ಕಿಗಳಿಗೆ ಶ್ವಾಸಕೋಶದ ಜೊತೆಗೆ ಮೈತುಂಬ ಹರಡಿದ ಗಾಳಿಚೀಲಗಳಿದ್ದು, ಗಾಳಿಯಲ್ಲಿ ತೇಲುವ ವಿಷವಸ್ತುಗಳು ಅವುಗಳ ದೇಹವನ್ನು ನಮಗಿಂತ ಬೇಗ ಹೊಕ್ಕು ಬಾಧಿಸುತ್ತವೆ. ಪರಿಮಳದ ಮೇಣದಬತ್ತಿ, ಸ್ಪ್ರೇ, ಬಿಸಿ ಮಾಡಿ ಹರಡುವ ಸುಗಂಧ ತೈಲ, ಇವು ಯಾವುವೂ ಹಕ್ಕಿಗಳಿರುವ ಕೋಣೆಯಲ್ಲಿ ಇರಬಾರದು. ಟೀ ಟ್ರೀ ಎಣ್ಣೆ ನಾಯಿ ಮತ್ತು ಬೆಕ್ಕುಗಳೆರಡಕ್ಕೂ ವಿಷ. ಫಿನಾಯಿಲ್‌ನಂತಹ, ಫೀನಾಲ್ ಜಾತಿಯ ರಾಸಾಯನಿಕಗಳಿರುವ ನೆಲ ಒರೆಸುವ ದ್ರವಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಂತಹ ಪದಾರ್ಥಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ, ಮತ್ತು ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ತನ್ನ ಪಾದವನ್ನು ನೆಕ್ಕದೆ ಬಿಡುವುದಿಲ್ಲ. ಸ್ವಚ್ಛತೆಯ ವಾಸನೆ ಎಂದು ನಮ್ಮಲ್ಲಿ ಅನೇಕರು ನಂಬಿರುವ ಆ ಘಾಟು ಬೆಕ್ಕಿನ ಮರಿಗಳಿರುವ ಅಂಗಡಿಯಲ್ಲಿ ಅಪಾಯದ ಗುರುತೇ ಸರಿ.

ಓಜೋನ್ ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟುವಾಗಿದೆ. ಮಾರಾಟಗಾರರು ಇದನ್ನು ಮಳೆಯ ನಂತರದ ತಾಜಾ ಗಾಳಿ ಎಂದು ಹೊಗಳುತ್ತಾರೆ. ಓಜೋನ್ ಶ್ವಾಸಕೋಶವನ್ನು ಕೆರಳಿಸುವ ಅನಿಲ. ಆರೋಗ್ಯಕ್ಕೆ ಹಾನಿಯಾಗದ ಮಟ್ಟದಲ್ಲಿ ಇಟ್ಟರೆ ಅದು ಕೋಣೆಯ ಮಾಲಿನ್ಯವನ್ನು ತೆಗೆಯುವ ಸಾಧ್ಯತೆ ತೀರ ಕಡಿಮೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅಂದರೆ ಯಂತ್ರ ಕೆಲಸ ಮಾಡುತ್ತಿದ್ದರೆ ಅದು ಪ್ರಾಣಿಗಳಿಗೆ ಸುರಕ್ಷಿತವಾಗಿರುವುದಿಲ್ಲ, ಸುರಕ್ಷಿತವಾಗಿದ್ದರೆ ಹೆಚ್ಚೇನೂ ಕೆಲಸ ಮಾಡುತ್ತಿರುವುದಿಲ್ಲ. ಜೀವ ತುಂಬಿದ ಅಂಗಡಿಯನ್ನು ಸಂಪೂರ್ಣ ಖಾಲಿ ಮಾಡಿ ಇದನ್ನು ಓಡಿಸುವುದು ಆಗದ ಮಾತು. ನಾನು ತಂದ ಯಂತ್ರವನ್ನು ಪ್ರಾಣಿಗಳಿರುವ ಕಡೆ ಒಮ್ಮೆಯೂ ಚಾಲೂ ಮಾಡದೆ ಹಿಂದಿರುಗಿಸಿದೆ.

ಈಗ ಹೆಚ್ಚು ಹೊತ್ತು ಮಾತನಾಡಬೇಕಾದ ವಸ್ತುವಿಗೆ ಬರುತ್ತೇನೆ: ಎಂಜೈಮ್ ಕ್ಲೀನರ್, ಅಂದರೆ ಕಿಣ್ವಗಳನ್ನು, ಅಥವಾ ಕಿಣ್ವಗಳನ್ನು ತಯಾರಿಸುವ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಒಳಗೊಂಡ ದ್ರವ. ವರ್ಷದುದ್ದಕ್ಕೂ ನಾನು ಮತ್ತೆ ಮತ್ತೆ ಕೊಂಡದ್ದು ಇದನ್ನೇ. ಆದರೆ ಮೊದಲ ಎರಡು ತಿಂಗಳು ಇದು ಏನೂ ಪ್ರಯೋಜನವಿಲ್ಲದ ವಸ್ತು ಎಂದೇ ತೀರ್ಮಾನಿಸಿದ್ದೆ, ಏಕೆಂದರೆ ನೆಲ ಒರೆಸುವ ಇತರ ದ್ರವಗಳಂತೆ ಸಿಂಪಡಿಸಿ ತಕ್ಷಣ ಒರೆಸಿಬಿಡುತ್ತಿದ್ದೆ. ಕಿಣ್ವಕ್ಕೆ ಬೇಕಾದದ್ದು ಸಮಯ ಮತ್ತು ತೇವ. ಮೊದಲು ಗಟ್ಟಿಯಾದದ್ದನ್ನು ತೆಗೆದು, ದ್ರವವನ್ನು ಬಟ್ಟೆಯಿಂದ ಒತ್ತಿ ಹೀರಿಸಿ, ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟೇ ಆಳಕ್ಕೆ ಕ್ಲೀನರ್ ಇಳಿಯುವಂತೆ ಸುರಿದು, ಸೀಸೆಯ ಮೇಲೆ ಬರೆದಷ್ಟು ಹೊತ್ತು ಒಣಗದಂತೆ ನೋಡಿಕೊಂಡರೆ ಮಾತ್ರ ಫಲ ಸಿಗುತ್ತದೆ. ಹೀಗೆ ಬಳಸತೊಡಗಿದ ಮೇಲೆ ಬೆಕ್ಕಿನ ಮರಿಗಳ ಆವರಣದಲ್ಲಿ ಆದ ಬದಲಾವಣೆ ನನ್ನನ್ನು ನಿಜಕ್ಕೂ ಅಚ್ಚರಿಗೊಳಿಸಿತು. ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಎಂಬ ಗಂಧಕಯುಕ್ತ ಅಮೈನೊ ಆಮ್ಲವಿದೆ. ಹೊಸದಿರುವಾಗ ಅದಕ್ಕೆ ವಾಸನೆಯಿಲ್ಲ, ದಿನ ಕಳೆದಂತೆ ಒಡೆದು ಗಂಧಕದ ಘಾಟು ವಾಸನೆಯ ಸಂಯುಕ್ತಗಳನ್ನು ಬಿಡುತ್ತದೆ. ಬೀಜ ತೆಗೆಸದ ಗಂಡು ಬೆಕ್ಕಿನಲ್ಲಿ ಇದರ ಪ್ರಮಾಣ ಹೆಚ್ಚು. ನಿನ್ನೆ ಏನೂ ಇರಲಿಲ್ಲ, ಇವತ್ತು ಎಲ್ಲಿಂದ ಬಂತು ಎಂದು ಹುಡುಕುವ ಅನೇಕ ಬೆಳಗುಗಳಿಗೆ ಇದೇ ಕಾರಣ. ಮೂತ್ರದ ಜಾಗ ಕಣ್ಣಿಗೆ ಕಾಣದಿದ್ದಾಗ ದೀಪಗಳನ್ನು ಆರಿಸಿ ನೇರಳಾತೀತ ಟಾರ್ಚ್ ಹಿಡಿದರೆ ಒಣಗಿದ ಕಲೆಗಳು ಮಂಕಾಗಿ ಹೊಳೆಯುತ್ತವೆ. ಆ ಟಾರ್ಚ್ ನಾನು ಕೊಂಡ ವಸ್ತುಗಳಲ್ಲೆಲ್ಲ ಚಿಕ್ಕದು. ಅದು ತೋರಿಸಿದ ಕಲೆಗಳ ಸಂಖ್ಯೆ ಮಾತ್ರ ಚಿಕ್ಕದಾಗಿರಲಿಲ್ಲ.

ಈ ಕ್ಲೀನರ್‌ನ ಮಿತಿಗಳನ್ನೂ ಹೇಳಲೇಬೇಕು. ಇದು ಸೋಂಕುನಿವಾರಕವಲ್ಲ. ನಾಯಿಮರಿಗಳಿರುವ ಕಡೆ ಪಾರ್ವೊ ವೈರಸ್‌ನ ಭಯವಿರುವಾಗ ಕಿಣ್ವವನ್ನು ನಂಬಿ ಕೂರುವಂತಿಲ್ಲ. ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಬೆರೆಸಿದ ದ್ರಾವಣವನ್ನು, ಮೊದಲೇ ಸೋಪಿನಿಂದ ತೊಳೆದು ನೀರು ಹಾಕಿ ಶುದ್ಧಗೊಳಿಸಿದ ಮೇಲ್ಮೈಗೆ ಹಚ್ಚಿ, ಹತ್ತು ನಿಮಿಷ ತೇವವಾಗಿ ಬಿಡುವ ಕ್ರಮವೇ ಬೇಕು. ಕೊಳೆಯ ಮೇಲೆಯೇ ಸುರಿದ ಬ್ಲೀಚ್ ತನ್ನ ಶಕ್ತಿಯನ್ನು ಕೊಳೆಗೇ ಕಳೆದುಕೊಳ್ಳುತ್ತದೆ. ಮೂತ್ರದ ಮೇಲೆ ಸುರಿದರಂತೂ ಅಮೋನಿಯಾದೊಂದಿಗೆ ಸೇರಿ ಕ್ಲೋರಮೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಪಂಜರದಲ್ಲಿ ಪ್ರಾಣಿಯನ್ನು ಬಿಟ್ಟು ಹೀಗೆ ಮಾಡುವವರನ್ನು ಕಂಡಿದ್ದೇನೆ, ದಯವಿಟ್ಟು ಯಾರೂ ಮಾಡಬೇಡಿ. ಇನ್ನೊಂದು ಮುಖ್ಯ ವಿಷಯವೆಂದರೆ ಬ್ಲೀಚ್ ಮತ್ತು ಕಿಣ್ವ ಪರಸ್ಪರ ವೈರಿಗಳು. ಬ್ಲೀಚ್ ಉಳಿದಿರುವ ನೆಲದ ಮೇಲೆ ಸುರಿದ ಎಂಜೈಮ್ ಕ್ಲೀನರ್ ಕೆಲಸಕ್ಕೆ ಬಾರದ ನೀರಾಗುತ್ತದೆ. ಆದ್ದರಿಂದ ನಮ್ಮಲ್ಲಿ ಈಗ ಇವೆರಡರ ಬಕೆಟ್ಟು, ಬಟ್ಟೆ, ದಿನ ಎಲ್ಲವೂ ಬೇರೆ ಬೇರೆ.

ಮೊಲಗಳ ಮೂಲೆಯಲ್ಲಿ ಎಂಜೈಮ್ ಕ್ಲೀನರ್ ಸೋತಿತು. ಮೊಲದ ಮೂತ್ರದಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ತಟ್ಟೆಯ ತಳದಲ್ಲಿ ಬಿಳಿಯ ಗಟ್ಟಿ ಪದರ ಕೂರುತ್ತದೆ, ವಾಸನೆ ಆ ಪದರದೊಳಗೆ ಅಡಗಿರುತ್ತದೆ. ಅಲ್ಲಿ ಗೆದ್ದದ್ದು ಸಾಧಾರಣ ವಿನೆಗರ್. ಅದು ಸುಣ್ಣವನ್ನು ಕರಗಿಸುವುದಲ್ಲದೆ ಪ್ರತ್ಯಾಮ್ಲವಾದ ಅಮೋನಿಯಾವನ್ನೂ ತಟಸ್ಥಗೊಳಿಸುತ್ತದೆ. ಅಡುಗೆ ಸೋಡಾದ ಕೀರ್ತಿ ದೊಡ್ಡದಿದ್ದರೂ ಅದು ತಾನೇ ಪ್ರತ್ಯಾಮ್ಲ. ಹುಳಿ ವಾಸನೆಗಳಿಗೆ ಸರಿ, ಅಮೋನಿಯಾದ ಮುಂದೆ ಅದರ ಆಟ ನಡೆಯುವುದಿಲ್ಲ. ವಿನೆಗರನ್ನೂ ಬ್ಲೀಚಿನೊಂದಿಗೆ ಎಂದಿಗೂ ಬೆರೆಸಬಾರದು, ಕ್ಲೋರಿನ್ ಅನಿಲ ಹೊರಡುತ್ತದೆ.

ಏರ್ ಪ್ಯೂರಿಫೈಯರ್ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುತ್ತದೆ ಎಂಬುದು ನಿಜ, ಕಾಕಟೀಲ್ ಮತ್ತು ಕಾಕಟೂ ಗಿಳಿಗಳು ಮೈ ಕೊಡವಿದಾಗ ಏಳುವ ಬಿಳಿ ಪುಡಿಗೆ ಅದಕ್ಕಿಂತ ಒಳ್ಳೆಯ ಪರಿಹಾರವನ್ನು ನಾನು ಕಂಡಿಲ್ಲ. ಆದರೆ ವಾಸನೆ ಅನಿಲರೂಪದ್ದು, ಹೆಪಾ ಅದನ್ನು ಹಿಡಿಯುವುದಿಲ್ಲ. ಅದಕ್ಕೆಂದು ಜೊತೆಗಿರುವ ಸಕ್ರಿಯ ಇಂಗಾಲದ ಪದರ ಅನೇಕ ವಾಸನೆಗಳನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಸೆರೆಹಿಡಿದರೂ, ಆಮ್ಲದಲ್ಲಿ ಸಂಸ್ಕರಿಸದ ಸಾಮಾನ್ಯ ಇಂಗಾಲ ಅಮೋನಿಯಾವನ್ನು ಹೆಚ್ಚು ಹಿಡಿಯಲಾರದು. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇಂಗಾಲ ಇದೆಯೇ ಎಂಬುದಕ್ಕಿಂತ ಎಷ್ಟು ತೂಕದ ಇಂಗಾಲವಿದೆ ಎಂಬುದು. ಕಪ್ಪು ಬಣ್ಣದ ತೆಳುವಾದ ಹಾಳೆಯೊಂದನ್ನು ಸಿಕ್ಕಿಸಿ ವಾಸನೆ ನಿವಾರಕ ಎಂದು ಮಾರುವ ಯಂತ್ರ ಒಂದು ಅಂಗಡಿಯ ಹೊರೆಯನ್ನು ಹೊರಲಾರದು. ತುಂಬಿಹೋದ ಇಂಗಾಲ ಹಿಡಿದದ್ದರಲ್ಲಿ ಒಂದಿಷ್ಟನ್ನು ಮರಳಿ ಗಾಳಿಗೆ ಬಿಡುವುದೂ ಉಂಟು.

ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದ ಹರಳುಗಳ ಚೀಲಗಳು ಗೋಡೆಗೆ ತೂಗುಹಾಕಿದಲ್ಲಿ ಅಲಂಕಾರವಷ್ಟೇ ಆದವು, ಏಕೆಂದರೆ ಗಾಳಿ ಅವುಗಳ ಮೂಲಕ ಹಾದುಹೋಗುವುದಿಲ್ಲ. ಅದೇ ಹರಳುಗಳು ಸಿಹಿನೀರಿನ ಮೀನಿನ ತೊಟ್ಟಿಯ ಫಿಲ್ಟರಿನಲ್ಲಿ ಅಮೋನಿಯಂ ಅಯಾನುಗಳನ್ನು ಹಿಡಿದು ಸೋಡಿಯಂ ಅಯಾನುಗಳನ್ನು ಬಿಟ್ಟುಕೊಡುತ್ತ ಚೆನ್ನಾಗಿ ಕೆಲಸ ಮಾಡುತ್ತವೆ. ಈ ವಿನಿಮಯ ಹಿಮ್ಮುಖವಾಗಿಯೂ ನಡೆಯುವುದರಿಂದ, ಬಳಸಿದ ಹರಳುಗಳನ್ನು ಉಪ್ಪುನೀರಿನಲ್ಲಿ ನೆನೆಸಿ ಮತ್ತೆ ಬಳಸಬಹುದು. ಇದೇ ಕಾರಣಕ್ಕೆ, ರೋಗ ಚಿಕಿತ್ಸೆಗೆಂದು ಉಪ್ಪು ಬೆರೆಸಿದ ತೊಟ್ಟಿಯಲ್ಲಿ ಅವುಗಳನ್ನು ಬಿಟ್ಟರೆ ಹಿಡಿದಿಟ್ಟ ಅಮೋನಿಯಾ ಎಲ್ಲ ಮೀನುಗಳ ಮೇಲೆ ಬೀಳುತ್ತದೆ. ಪೊಟ್ಟಣದ ಮೇಲೆ ಈ ಎಚ್ಚರಿಕೆ ನಾನು ಕೊಂಡ ಎರಡರಲ್ಲಿ ಒಂದರಲ್ಲೂ ಇರಲಿಲ್ಲ, ಇರಬೇಕಿತ್ತು. ಮೀನಿನ ವಿಭಾಗದ ಕುರಿತು ಇನ್ನೊಂದು ಮಾತು: ಆರೋಗ್ಯವಂತ ತೊಟ್ಟಿಗೆ ಒದ್ದೆ ಮಣ್ಣಿನಂತಹ ಹಿತವಾದ ವಾಸನೆ ಮಾತ್ರ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆಳವಾದ ಮರಳಿನ ಆಮ್ಲಜನಕವಿಲ್ಲದ ಪದರದಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿದೆ ಎಂದು ಅರ್ಥ. ಯಾವ ನಿವಾರಕವನ್ನೂ ಹುಡುಕದೆ ಮರಳಿನತ್ತ, ಕಲ್ಲಿನ ಹಿಂದೆ ಸತ್ತಿರಬಹುದಾದ ಮೀನಿನತ್ತ ಗಮನ ಹರಿಸಬೇಕು.

ಹಾಸಿನ ಆಯ್ಕೆಯಲ್ಲಿ ನಾನು ಒಂದು ಹಳೆಯ ನಂಬಿಕೆಯನ್ನು ಬಿಡಬೇಕಾಯಿತು. ಸೀಡರ್ ಮರದ ಹೆರೆಯ ಸುವಾಸನೆ ನಾತವನ್ನು ಮುಚ್ಚುತ್ತದೆ ಎಂದು ಅದನ್ನೇ ತರಿಸುತ್ತಿದ್ದೆ. ಆ ಸುವಾಸನೆ ಬರುವುದು ಮರದಿಂದ ಆವಿಯಾಗುವ ಎಣ್ಣೆಗಳಿಂದ. ಮೃದುಮರದ ಹಾಸಿನ ಮೇಲೆ ಇಟ್ಟ ಇಲಿಗಳ ಯಕೃತ್ತಿನಲ್ಲಿ ಕಿಣ್ವಗಳ ಚಟುವಟಿಕೆ ಬದಲಾಗುವುದನ್ನು 1967ರಷ್ಟು ಹಿಂದೆಯೇ ವಿಜ್ಞಾನಿಗಳು ವರದಿ ಮಾಡಿದ್ದರು. ಈಗ ಆಸ್ಪೆನ್ ಮರದ ಹೆರೆ ಮತ್ತು ಕಾಗದದ ಹಾಸು ಬಳಸುತ್ತಿದ್ದೇನೆ. ಕಾಗದದ ಹಾಸು ಹೆಚ್ಚು ಹೀರುತ್ತದೆ, ಹೆಚ್ಚು ದೂಳಿಲ್ಲ, ಆದರೆ ನೆನೆದ ಮೇಲೆ ಬೇಗ ತೆಗೆಯದಿದ್ದರೆ ಮುದ್ದೆಯಾಗಿ ತಳಕ್ಕೆ ಅಂಟುತ್ತದೆ. ಗಿನಿಯಿಲಿಗಳ ಪಂಜರದಲ್ಲಿ ಇಡೀ ಹಾಸನ್ನು ವಾರಕ್ಕೊಮ್ಮೆ ಬದಲಿಸುವುದಕ್ಕಿಂತ ಅವು ಮೂತ್ರ ಹೊಯ್ಯುವ ಮೂಲೆಯನ್ನು ದಿನಕ್ಕೆ ಎರಡು ಸಲ ತೆಗೆಯುವುದು ಪರೀಕ್ಷಾ ಪಟ್ಟಿಯ ಬಣ್ಣವನ್ನು ಹೆಚ್ಚು ಇಳಿಸಿತು.

ವರ್ಷದ ಅತ್ಯುತ್ತಮ ಖರೀದಿ ಯಾವುದು ಎಂದು ಕೇಳಿದರೆ, ದುರ್ವಾಸನೆ ನಿವಾರಕಗಳ ಸಾಲಿನಲ್ಲಿ ಯಾರೂ ಇಡದ ಎಕ್ಸಾಸ್ಟ್ ಫ್ಯಾನ್ ಎಂದು ಹೇಳುತ್ತೇನೆ. ನಮ್ಮ ಏರ್ ಕಂಡೀಷನರ್ ಕೋಣೆಯ ಗಾಳಿಯನ್ನೇ ತಣಿಸಿ ಮತ್ತೆ ಕೋಣೆಗೆ ಬಿಡುವ ಬಗೆಯದು. ಹೊರಗಿನ ಗಾಳಿಯನ್ನು ಅದು ತರುತ್ತಿರಲಿಲ್ಲ, ನಾನು ತರುತ್ತದೆ ಎಂದೇ ನಂಬಿದ್ದೆ. ಪ್ರಯೋಗಾಲಯದ ಪ್ರಾಣಿಗಳ ಕೋಣೆಗಳಿಗೆ ಗಂಟೆಗೆ 10ರಿಂದ 15 ಸಲ ಗಾಳಿ ಬದಲಾಗಬೇಕೆಂಬ ಮಾನದಂಡ ಬಹುಕಾಲದಿಂದ ಚಾಲ್ತಿಯಲ್ಲಿದೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯ ಒಳಗಿನ ಗಾಳಿ 90 ಘನ ಮೀಟರ್. ಹತ್ತು ಸಲ ಬದಲಾಗಬೇಕಾದರೆ ಗಂಟೆಗೆ 900 ಘನ ಮೀಟರ್ ಗಾಳಿಯನ್ನು ಹೊರದಬ್ಬುವ ಫ್ಯಾನ್ ಬೇಕು. ಈ ಲೆಕ್ಕವನ್ನು ಮಾಡದೆ ಸ್ನಾನದ ಮನೆಗೆ ಹಾಕುವ ಪುಟ್ಟ ಫ್ಯಾನನ್ನು ಕೂರಿಸಿದ್ದ ಕಾಲವೂ ನಮ್ಮಲ್ಲಿತ್ತು. ಫ್ಯಾನ್ ಇರುವ ಜಾಗವೂ ಮುಖ್ಯ: ಶುದ್ಧ ಗಾಳಿ ಬಾಗಿಲ ಕಡೆಯಿಂದ ಒಳಬಂದು, ಹಕ್ಕಿಗಳನ್ನು ಮೊದಲು ಹಾದು, ಕೊನೆಗೆ ಮೂತ್ರದ ಹೊರೆ ಹೆಚ್ಚಿರುವ, ಇಲಿ, ಗಿನಿಯಿಲಿಗಳಂತಹ ದಂಶಕಗಳ ಸಾಲನ್ನು ದಾಟಿ ಹೊರಹೋಗುವಂತೆ ಪಂಜರಗಳನ್ನು ಮರುಜೋಡಿಸಿದೆವು. ಪಂಜರಗಳ ಮೇಲೆ ನೇರವಾಗಿ ಗಾಳಿ ಬೀಸದಂತೆ ನೋಡಿಕೊಂಡೆವು, ಏಕೆಂದರೆ ಚಳಿ ಗಾಳಿಗೆ ಒಡ್ಡಿದ ಮರಿಗಳು ಕಾಯಿಲೆ ಬೀಳುತ್ತವೆ. ಮೂರನೆಯ ದಿನ ಪರೀಕ್ಷಾ ಪಟ್ಟಿಯ ಬಣ್ಣ ವರ್ಷದಲ್ಲಿ ಮೊದಲ ಬಾರಿಗೆ ಪಂಜರದೊಳಗೂ ತಿಳಿಯಾಯಿತು.

ಇಷ್ಟಾದರೂ ಕೆಲವು ಸಂಜೆ ಚರಂಡಿಯಂತಹ ನಾತ ಬರುತ್ತಿತ್ತು. ಅದರ ಮೂಲ ಪ್ರಾಣಿಗಳಲ್ಲಿರಲಿಲ್ಲ. ಹಿಂದಿನ ಕೋಣೆಯ ನೆಲದಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ನೀರಿನ ಕಿಂಡಿಯ ಬಾಗಿದ ಕೊಳವೆಯಲ್ಲಿ ನಿಂತಿರಬೇಕಾದ ನೀರು ಆವಿಯಾಗಿ, ಒಳಚರಂಡಿಯ ಗಾಳಿ ನೇರವಾಗಿ ಮೇಲೆ ಬರುತ್ತಿತ್ತು. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿದದ್ದೇ ಪರಿಹಾರ. ಮಾಪ್‌ನ ಕಥೆಯೂ ಹಾಗೆಯೇ. ಎಲ್ಲ ಪಂಜರಗಳ ಕೆಳಗೆ ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ಒರೆಸಿ, ರಾತ್ರಿ ಒದ್ದೆಯಾಗಿಯೇ ಮೂಲೆಯಲ್ಲಿ ನಿಲ್ಲಿಸಿದ ಮಾಪ್ ಬೆಳಿಗ್ಗೆ ಅಂಗಡಿಯ ಅತ್ಯಂತ ಕೊಳಕು ವಸ್ತುವಾಗಿರುತ್ತಿತ್ತು. ಅದನ್ನು ತೆಗೆದುಹಾಕಿ, ತೊಳೆದು ಒಣಗಿಸಬಹುದಾದ ಚಪ್ಪಟೆ ಬಟ್ಟೆಗಳನ್ನು ತಂದೆವು. ಮರದ ಕಪಾಟುಗಳನ್ನೂ ಬಿಡಬೇಕಾಯಿತು, ಮರ ಹೀರಿದ್ದನ್ನು ಯಾವ ದ್ರವವೂ ಹೊರತೆಗೆಯಲಿಲ್ಲ. ನೆಲದ ಸಿಮೆಂಟಿಗೆ ಎಪಾಕ್ಸಿ ಲೇಪನ ಹಾಕಿಸಿದ್ದೇವೆ.

ಒಂದೇ ಒಂದು ಕಡೆ ನನಗೆ ಇನ್ನೂ ತೃಪ್ತಿಯಿಲ್ಲ, ಅದು ಗಂಡು ಚಿಟ್ಟಿಲಿಗಳ ಗೂಡು. ಅವುಗಳ ಮೂತ್ರದಲ್ಲಿರುವ ವಿಶಿಷ್ಟ ಪ್ರೋಟೀನುಗಳು ವಾಸನೆಯ ಅಣುಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ, ಏಕೆಂದರೆ ಆ ವಾಸನೆಯೇ ಅವುಗಳ ಗಡಿ ಗುರುತು. ನಾವು ಗೂಡನ್ನು ಪೂರ್ತಿ ತೊಳೆದಷ್ಟೂ ತಮ್ಮ ಮನೆ ಕಳೆದುಹೋಯಿತೆಂದು ಅವು ಮತ್ತಷ್ಟು ಹುರುಪಿನಿಂದ ಗುರುತು ಹಾಕುತ್ತಿದ್ದವು, ಜಗಳವೂ ಹೆಚ್ಚುತ್ತಿತ್ತು. ಈಗ ಒದ್ದೆಯಾದ ಹಾಸನ್ನು ಮಾತ್ರ ತೆಗೆದು, ಅವು ಮಲಗುವ ಒಣ ಗೂಡಿನ ಒಂದು ಹಿಡಿಯನ್ನು ಹೊಸ ಹಾಸಿನೊಳಗೆ ಮರಳಿ ಇಡುತ್ತೇವೆ. ವಾಸನೆ ಇದೆ, ಆದರೆ ಮೊದಲಿನಷ್ಟಿಲ್ಲ, ಮತ್ತು ಇಲಿಗಳು ಶಾಂತವಾಗಿವೆ. ಆ ಮೂಲೆಗೆ ಬಂದು ಮುಖ ಹಿಂಡುವ ಗ್ರಾಹಕರಿಗೆ ನಾನು ಇದನ್ನೆಲ್ಲ ಬಿಡಿಸಿ ಹೇಳುತ್ತೇನೆ. ಸ್ಪ್ರೇಯ ಡಬ್ಬಿಯನ್ನಂತೂ ಮತ್ತೆ ಕೈಗೆತ್ತಿಕೊಂಡಿಲ್ಲ.